ಗಸ್ ಕ್ರೆಂಜ್ ಬಿಟ್ಟ ಎಸೆತಗಳು

ಬೇಸ್‌ಬಾಲ್ ಪಂದ್ಯದ ಕಡೆಯ ಸುತ್ತಿನಲ್ಲಿ ಈ ಮುದುಕನನ್ನು ಬ್ಯಾಟಿಗೆ ಕಳಿಸುತ್ತಾರೆಂದು ಎಸೆತಗಾರ ಎಮ್ಮೆಟ್ ಟಲ್ಲಿ ಎಣಿಸಿರಲಿಲ್ಲ. ಎರಡೂ ತಂಡಗಳ ರನ್ನು ಸಮಸಮ. ರನ್ನಿನ ಹಾದಿಯ ಮೂರು ನಿಲುಗಡೆಗಳಲ್ಲೂ, ಅಂದರೆ ಬೇಸುಗಳಲ್ಲೂ, ಎದುರಾಳಿಗಳು ಓಡಲು ಕಾದು ನಿಂತಿದ್ದರು. ಇನ್ನೊಬ್ಬನನ್ನು ಔಟ್ ಮಾಡಿದರೆ ಎಮ್ಮೆಟ್ ಬಚಾವು. ಒಂದೇ ಒಂದು ರನ್ನು ಕೊಟ್ಟರೆ ಈ ವರ್ಷದ ಪಟ್ಟ ಕೈತಪ್ಪಿದಂತೆ.

ಎದುರು ತಂಡದ ಮ್ಯಾನೇಜರ್, ಮದುವಣಿಗನನ್ನು ಹಸೆಗೆ ಕರೆತರುವಂತೆ ಗಸ್ ಕ್ರೆಂಜ್‌ನ ಹೆಗಲ ಮೇಲೆ ಕೈಹಾಕಿ ಕರೆತಂದ. ಜನ ಎದ್ದು ನಿಂತು ಟೋಪಿ ತೂರಿದರು. ಒಹಾಯೊ ನದಿಯ ಆಚೆ ದಡಕ್ಕೂ ಕೇಳಿಸುವಷ್ಟು ಗದ್ದಲ. ಕ್ರೆಂಜ್ ಯಾರತ್ತಲೂ ನೋಡಲಿಲ್ಲ.

"ಸುಮ್ನೆ ನಿಂತ್ಕೊ ಗಸ್, ಅಷ್ಟೇ ಸಾಕು" ಎಂದು ಹೇಳಿ ಮ್ಯಾನೇಜರ್ ಹಿಂದಿರುಗಿದ.

ಎಮ್ಮೆಟ್‌ಗೆ ಮೈಯೆಲ್ಲ ಉರಿಯಿತು. ತನ್ನನ್ನು ಸೋಲಿಸಲು ಸುಮ್ಮನೆ ನಿಂತರೆ ಸಾಕಂತೆ!

ವಿಕೆಟಿಲ್ಲದ ಈ ಆಟದಲ್ಲಿ ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಲೂ ಸಬಾಟ್ಕಾ ಎಚ್ಚರಿಕೆ ಹೇಳಲು ಬಂದ.

"ದೊಡ್ಡ ಮನುಷ್ಯ ಕಣೋ, ಹುಷಾರು."

"ಏನ್ ದೊಡ್ಡ ಮನುಷ್ಯ? ಬೆಳಿಗ್ಗೆ ಹೋಟ್ಲಲ್ಲಿ ಬಾಯಿಂದ ಮಾತು ಹೊರಡ್ದೆ, ಬರೀ ಕೈ ಚಾಚ್ಕೊಂಡು ಎದುರಿಗೇ ನಿಂತಿದ್ದೆ. ಹೆಂಡ್ತಿ ತೋಳು ಹಿಡ್ಕೊಂಡು, ನಾನೊಂದು ಕಂಬ ಅನ್ನೋ ಹಾಗೆ ದಾಟ್ಕೊಂಡು ಹೋದ. ಇಂಥೋನ ಚಿತ್ರ ನಮ್ಮಪ್ಪ ಗೋಡೆಗೆ ಹಾಕಿದಾನೆ!"

ಇಂಥ ಚಿತ್ರ ಆ ನದಿಯ ಆಸುಪಾಸಿನ ಊರುಗಳ ಅರ್ಧ ಗೋಡೆಗಳ ಮೇಲಿತ್ತು. ಕಟುಕನ ಮಗನಾಗಿ ಹುಟ್ಟಿ, ಹತ್ತೊಂಬತ್ತಕ್ಕೆ ಲೀಗಿಗೆ ಬಂದು, ಇಪ್ಪತ್ತು ವರ್ಷ ಎಸೆತಗಾರರನ್ನು ಚಚ್ಚಿ, ಆಟದ ಲೆಕ್ಕದಲ್ಲಿ ಮುದುಕನಾದವನು ಕ್ರೆಂಜ್. ಅವನ ಹೆಸರಿನಲ್ಲಿ ಚುಟ್ಟಾ ಮಾರುತ್ತಿದ್ದರು, ಸಾಬೂನು ಮಾರುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಖ್ಯಾತಿ ಅವನ ಹದ್ದಿನ ಕಣ್ಣಿನದು. ಅವನು ಬ್ಯಾಟು ಬೀಸದೆ ಬಿಟ್ಟ ಎಸೆತ ಕೆಟ್ಟದ್ದೇ ಎಂದು ಅಂಪೈರುಗಳೂ ನಂಬಿಬಿಟ್ಟಿದ್ದರು. ಈ ವರ್ಷವಂತೂ ಮಹಾಶಯ ಒಂದು ಚೆಂಡನ್ನೂ ಮುಟ್ಟಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಬಂದು ನಿಲ್ಲುವುದು, ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್ ಪಡೆಯುವುದು, ತನ್ನ ಬದಲು ಓಡಲು ಇನ್ನೊಬ್ಬನನ್ನು ಬಿಟ್ಟು ಒಳಗೆ ಹೋಗುವುದು. ಪತ್ರಿಕೆಗಳು ಇದನ್ನು ತಾಳ್ಮೆ ಎಂದು ಹೊಗಳಿದವು. ಪತ್ರಿಕೆಗಳಿಗೇನು, ಹೊಗಳಲು ಯಾರಾದರೊಬ್ಬರು ಬೇಕು.

ಮೂರೂ ಬೇಸ್ ತುಂಬಿರುವಾಗ ಆ ಪುಕ್ಕಟೆ ಬೇಸ್ ಕೊಟ್ಟರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು ರನ್ನೂ ಪುಕ್ಕಟೆ. ಪಂದ್ಯ ಅಲ್ಲಿಗೇ ಮುಗಿದಂತೆ.

ಮೊದಲ ಎಸೆತ ನಿಜಕ್ಕೂ ಆಚೆ ಹೋಯಿತು. ಎರಡನೆಯದು ನೇರ ಬಂತು. ಕ್ರೆಂಜ್ ಅಲ್ಲಾಡಲಿಲ್ಲ.

"ಬಾಲ್!" ಎಂದ ಅಂಪೈರ್ ಪ್ರೌಟ್. ಕೆಟ್ಟ ಎಸೆತವೆಂದು ತೀರ್ಪು.

ಮೂರನೆಯದೂ ನೇರ. ಅದೂ ಬಾಲ್.

"ನಿಮ್ ಕಣ್ಣೇನು ಮನೇಲಿ ಬಿಟ್ಟು ಬಂದಿದೀರಾ?" ಎಂದು ಎಮ್ಮೆಟ್ ಕೂಗಾಡಿದ.

"ನನ್ ಕಣ್ಣು ಹಾಳಾಗ್ಲಿ. ಎಸೆತ ಚೆನ್ನಾಗಿದ್ದಿದ್ರೆ ಕ್ರೆಂಜ್ ಬಿಡ್ತಿದ್ರೇನಯ್ಯ? ಹೋಗಿ ಎಸಿ" ಎಂದು ಪ್ರೌಟ್ ಗದರಿದ.

ಸರಿ, ನೋಡಿಯೇ ಬಿಡೋಣ ಎಂದುಕೊಂಡ ಎಮ್ಮೆಟ್. ನಾಲ್ಕನೆಯದನ್ನು ಅಜ್ಜಿಗೆ ಹಣ್ಣು ಎಸೆದಂತೆ ಮೆಲ್ಲಗೆ, ನಟ್ಟನಡುವೆ ಎಸೆದ. ಇದನ್ನು ಬಿಟ್ಟರೂ ಪ್ರೌಟ್ ಯಾವ ಬಾಯಿಯಿಂದ ಬಾಲ್ ಎಂದಾನು?

ಕ್ರೆಂಜ್ ಬಿಟ್ಟ. ಪ್ರೌಟ್ ಅಂದ.

ಜನ ಮೈದಾನಕ್ಕೆ ನುಗ್ಗಿದರು. ಮೊದಲ ಬೇಸಿನ ಬಳಿ ಕ್ರೆಂಜ್‌ನ ತಂಡದವನೊಬ್ಬ, ಕರುವನ್ನು ಕರೆದಂತೆ, "ಬಾ ಗಸ್, ಬಾ, ಬಾ" ಎಂದು ಚಪ್ಪಾಳೆ ತಟ್ಟುತ್ತಿದ್ದ. ಕ್ರೆಂಜ್ ಅತ್ತ ನಿಧಾನ ನಡೆದ. ಎಂಥ ಗತ್ತು!

ಸ್ವಲ್ಪ ಹೊತ್ತಿನ ಮೇಲೆ ಎಮ್ಮೆಟ್ ಆ ಚೆಂಡು ಹಿಡಿದು ಎದುರಾಳಿಗಳ ಕೋಣೆಗೆ ನುಗ್ಗಿದ. ಉಳಿದವರೆಲ್ಲ ಹೊರಗೆ ಕುಣಿಯುತ್ತಿದ್ದರು. ಕ್ರೆಂಜ್ ಒಬ್ಬನೇ ಬೆಂಚಿನ ಮೇಲೆ ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಎಮ್ಮೆಟ್ ಒಂದು ಮಾತೂ ಆಡದೆ ಚೆಂಡನ್ನು ಅವನತ್ತ ಎಸೆದ. ಹಿಡಿಯಲು ಕೈ ಏಳಲಿಲ್ಲ. ಚೆಂಡು ಎದೆಗೆ ಬಡಿದು ಕೆಳಗೆ ಬಿತ್ತು.

ಕ್ರೆಂಜ್ ಬೆಚ್ಚಿ, ಯಾರೂ ಇಲ್ಲದ ಕಡೆಗೆ ಕೈ ಚಾಚಿ ತಡಕಾಡಿದ: "ಯಾರದು, ಪ್ರೌಟಾ? ನೀನಾದ್ರೂ ನಿಜ ಹೇಳಯ್ಯ, ಆ ಕೊನೇ ಚೆಂಡು ಎಲ್ಲಿ ಹಾದು ಹೋಯ್ತು?"