ಚೀರುವ ನಂಬರು

"ಮತ್ತೆ ದೀಪ ಮಿನುಗಿತು ಕಣೋ!" ಎಂದಳು ಅಕ್ಕ.

"ಭಾವನೇ ಇರ್ಬೇಕು," ಎಂದ ತಮ್ಮ, ಕುರ್ಚಿಯಿಂದ ಏಳದೆ. "ಮನೇಲಿ ಕೂತು ಟೆಸ್ಟ್ ಮಾಡಿ ಅಂತ ಹೇಳಿದ್ದೆ. ಬೆಳಿಗ್ಗೆಯಿಂದ ಪಾಸ್‌ವರ್ಡ್ ತಪ್ಪು ತಪ್ಪು ಹೊಡೀತಿದ್ದಾರೆ ಅಷ್ಟೇ. ನಿನ್ನ ಗಂಡ ಕೀಬೋರ್ಡ್ ಮುಟ್ಟಿದ್ರೆ ಆನೆ ಅಕ್ಕಿ ಆರಿಸಿದ ಹಾಗೆ."

ಹೊಲಿಗೆ ಅಂಗಡಿಯ ಮೇಲಿನ ಆ ಒಂಟಿ ಕೋಣೆಯೇ ಆಗ ಅವರ ಇಂಟರ್ನೆಟ್ ಕಂಪನಿ. ಈಗ ಸುತ್ತಲ ಯಾವ ಊರಿಗೆ ಹೋದರೂ ಇವರ ತಂತಿಯಿಲ್ಲದ ಬೀದಿ ಸಿಗುವುದು ಕಷ್ಟ; ಆವತ್ತು ಇದ್ದದ್ದು ಒಂದು ಕಂಪ್ಯೂಟರ್, ಎರಡು ಟೆಲಿಫೋನ್ ಲೈನು, ಗಿರಾಕಿಗಳಿಗೆ ಕೊಡಲೆಂದು ಗೋಡೆಗೆ ಒರಗಿಸಿಟ್ಟ ಮೋಡೆಮ್ ಪೆಟ್ಟಿಗೆಗಳು. ಒಂದು ಲೈನಿಗೆ ಗಿರಾಕಿಗಳ ಜೊತೆ ಮಾತಾಡುವ ಫೋನು. ಇನ್ನೊಂದಕ್ಕೆ ಮೋಡೆಮ್. ಬೇರೊಂದು ಕಂಪ್ಯೂಟರ್ ಆ ನಂಬರಿಗೆ ಕರೆ ಮಾಡಿದರೆ ಮೋಡೆಮ್ ತಾನೇ ಎತ್ತಿಕೊಂಡು, ಕಿರ್ರೋ ಎಂದು ಚೀರಿ, ಅದರ ಜೊತೆ ಮಾತಿಗಿಳಿಯುತ್ತಿತ್ತು. ಆ ಚೀರಾಟಕ್ಕೆ ಬೆಚ್ಚಿ ಕೆಳಗಿನ ಟೈಲರ್ ಸೂಜಿ ಚುಚ್ಚಿಕೊಂಡು ಜಗಳಕ್ಕೆ ಬಂದಮೇಲೆ ತಮ್ಮ ಅದರ ಸ್ಪೀಕರನ್ನು ಮುಚ್ಚಿಬಿಟ್ಟಿದ್ದ. ಆಮೇಲೆ ಕರೆ ಬಂದರೆ ಕೋಣೆಯಲ್ಲಿ ಮೋಡೆಮಿನ ದೀಪವಷ್ಟೇ ಮಿನುಗುತ್ತಿತ್ತು.

ಬೆಳಗಿನ ಪೇಪರಿನಲ್ಲಿ ಅವರ ಮೊದಲ ಜಾಹೀರಾತು ಬಂದಿತ್ತು. ಅಕ್ಕ ಶಾಲೆಯ ಕೆಲಸ ಬಿಟ್ಟು ಇದಕ್ಕೆ ಕೈಹಾಕಿದವಳು. ಸಂಜೆ ಮೋಡೆಮ್ ಕೊಟ್ಟ ಡೀಲರನ ವ್ಯಾನು ಬರುತ್ತದೆ. ಅಷ್ಟರೊಳಗೆ ಒಬ್ಬ ಗಿರಾಕಿಯೂ ಸಿಗದಿದ್ದರೆ ಮೋಡೆಮ್‌ಗಳನ್ನೆಲ್ಲ ಹಿಂತಿರುಗಿಸಿ ಕೋಣೆ ಖಾಲಿ ಮಾಡುವುದಾಗಿ ಗಂಡನಿಗೆ ಮಾತು ಕೊಟ್ಟಿದ್ದಳು. ಡೀಲರನದು ಒಂದೇ ಷರತ್ತು, ಪೆಟ್ಟಿಗೆ ಹರಿದಿರಬಾರದು. ಆದರೆ ಮಾತಾಡುವ ಫೋನು ಬೆಳಗಿನಿಂದ ಮುನಿಸಿಕೊಂಡವರ ಹಾಗೆ ಸುಮ್ಮನೆ ಕೂತಿತ್ತು. ಅಕ್ಕ ಅದನ್ನು ಕಿವಿಗಿಟ್ಟು, ಸತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೆಳಗಿಟ್ಟು, ಮತ್ತೆ ಎತ್ತುತ್ತಿದ್ದಳು.

ಮೆಟ್ಟಿಲ ಮೇಲೆ ದಪದಪ ಸದ್ದಾಯಿತು. ಊಟದ ಡಬ್ಬಿ ಹಿಡಿದು ಭಾವನೇ ಒಳಗೆ ಬಂದ.

"ನಿಮ್ಮ ಇಂಟರ್ನೆಟ್ಟಿಗೆ ಒಂದು ದೊಡ್ಡ ನಮಸ್ಕಾರ ಕಣ್ರಪ್ಪಾ! ಬೆಳಿಗ್ಗೆಯಿಂದ ಒಂದು ಸಲ ಆದ್ರೂ ಲೈನ್ ಸಿಕ್ಕಿದ್ರೆ ಕೇಳಿ. ಯಾವಾಗ ಮಾಡಿದ್ರೂ ಎಂಗೇಜ್!"

ಅವನ ಕಣ್ಣೆದುರೇ ದೀಪ ಮತ್ತೆ ಮಿನುಗಿತು. ಮೂವರೂ ಅದನ್ನೇ ನೋಡಿದರು. ಆ ನಂಬರು ಗೊತ್ತಿದ್ದದ್ದು ಈ ಮೂವರಿಗೆ ಮಾತ್ರ, ಮೂವರೂ ಇಲ್ಲೇ ಇದ್ದಾರೆ. ಹಾಗಾದರೆ ಕರೆ ಮಾಡುತ್ತಿರುವುದು ಯಾರು?

ಅಕ್ಕ ಪೇಪರನ್ನು ಎಳೆದುಕೊಂಡಳು. ಕಂಪನಿಯ ಹೆಸರು ಅಚ್ಚಾದದ್ದನ್ನು ಬೆಳಗಿನಿಂದ ಮತ್ತೆ ಮತ್ತೆ ನೋಡಿ ಹಿಗ್ಗಿದವಳು ನಂಬರಿನ ಮೇಲೆ ಕಣ್ಣು ಹಾಯಿಸಿರಲಿಲ್ಲ. ಈಗ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದಳು.

"ಲೋ, ಪೇಪರ್‌ನೋರಿಗೆ ಯಾವ ನಂಬರ್ ಕೊಟ್ಟೆ?"

"ನಮ್ಮದೇ... ದಿನಾ ಒತ್ತಿ ಒತ್ತಿ ಬಾಯಿಪಾಠ ಆಗಿದ್ಯಲ್ಲ, ಅದೇ..." ತಮ್ಮನ ಬಾಯಿ ತೆರೆದೇ ಉಳಿಯಿತು. ತಿಂಗಳುಗಟ್ಟಲೆ ಪರೀಕ್ಷೆಗೆಂದು ಅವನು ಒತ್ತಿದ್ದು ಮೋಡೆಮಿನ ನಂಬರು. ಪೇಪರಿನವರು ಕೇಳಿದಾಗ ನಾಲಿಗೆಗೆ ಬಂದದ್ದೂ ಅದೇ.

"ಅಂದ್ರೆ ಬೆಳಿಗ್ಗೆಯಿಂದ ಮಿನುಗಿದ್ದೆಲ್ಲ..." ಭಾವ ಡಬ್ಬಿ ಕೆಳಗಿಟ್ಟ.

"ಗಿರಾಕಿಗಳು!" ಅಕ್ಕ ಕುಣಿದೇಬಿಟ್ಟಳು. "ಅಷ್ಟೂ ಗಿರಾಕಿಗಳು ಕಣ್ರೀ! ಅಯ್ಯೋ ದೇವರೇ, ಎಷ್ಟು ಜನರ ಕಿವೀಲಿ ಚೀರಿದ್ದೀವೋ!" ಬೈಯಬೇಕೋ ಮುದ್ದಾಡಬೇಕೋ ತಿಳಿಯದೆ ತಮ್ಮನ ತಲೆಗೊಂದು ಮೊಟಕಿದಳು. ಮೋಡೆಮಿನ ತಂತಿ ಕಿತ್ತು, ಅದೇ ಜಾಗಕ್ಕೆ ಫೋನಿನ ತಂತಿ ಸಿಕ್ಕಿಸಿದಳು. ಕೈ ತೆಗೆಯುವ ಮೊದಲೇ ಫೋನು ಬಡಿದುಕೊಂಡಿತು. ಎತ್ತಿ ಹಲೋ ಎಂದಳು.

"ಅಂತೂ ಮನುಷ್ಯರ ದನಿ!" ಎಂದರು ಆ ಕಡೆಯಿಂದ. "ನಾನು ಹಲ್ಲಿನ ಡಾಕ್ಟ್ರು. ನನ್ನ ಕುರ್ಚಿ ಮೇಲೆ ಕೂತೋರು ಕೂಡ ಹೀಗೆ ಚೀರಿಲ್ಲಮ್ಮ. ಎಷ್ಟು ಸಲ ಮಾಡಿದ್ರೂ ಅದೇ, ಕಿವಿ ತೂತಾಗಿ ಹೋಯ್ತು."

"ಸಾರ್, ನೀವು ಕೇಳಿಸ್ಕೊಂಡಿದ್ದೇ ಇಂಟರ್ನೆಟ್!" ಅಕ್ಕನ ಬಾಯಿಂದ ಬಂದೇಬಿಟ್ಟಿತು. "ನಮ್ಮ ಕಡೆಯಿಂದ ಅದು ಕೂಗ್ತಾ ಇತ್ತು, ನಿಮ್ಮ ಕಡೆ ಓ ಅನ್ನೋಕೆ ಇನ್ನೊಂದು ಮೋಡೆಮ್ ಇರ್ಲಿಲ್ಲ, ಅಷ್ಟೇ. ಅದ್ಸರಿ, ಅಷ್ಟು ಚೀರಿದ್ರೂ ಮತ್ತೆ ಮತ್ತೆ ಯಾಕೆ ಮಾಡಿದ್ರಿ ಸಾರ್?"

"ಚೀರುತ್ತೆ ಅಂದ್ರೆ ಒಳಗೆ ಜೀವ ಇದೆ ಅಂತ ತಾನೇ? ಸತ್ತ ಹಲ್ಲು ಸುಮ್ನಿರುತ್ತೆ. ಬರ್ಕೊಳ್ಳಿ ನನ್ನ ವಿಳಾಸ."

ಅಕ್ಕ ಕಾಗದಕ್ಕಾಗಿ ಅತ್ತಿತ್ತ ನೋಡಿದಳು. ಆಮೇಲೆ ಪಕ್ಕದ ಪೆಟ್ಟಿಗೆಯ ಮುಚ್ಚಳವನ್ನು ಪರ್ರನೆ ಹರಿದು, ಮಂಡಿಯ ಮೇಲಿಟ್ಟುಕೊಂಡು ದಪ್ಪ ಅಕ್ಷರದಲ್ಲಿ ಗೀಚತೊಡಗಿದಳು.

"ಏನೇ ಮಾಡ್ದೆ?" ಭಾವ ಹೌಹಾರಿದ. "ಪೆಟ್ಟಿಗೆ ಹರಿದ್ರೆ ಡೀಲರ್ ವಾಪಸ್ ತಗೊಳ್ಳಲ್ಲ ಕಣೇ!"

"ಗೊತ್ತು," ಎಂದಳು ಅಕ್ಕ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು. "ಅದಕ್ಕೇ ಹರಿದೆ."

ಫೋನು ಇಟ್ಟದ್ದೇ ತಡ, ಮತ್ತೆ ಬಡಿದುಕೊಂಡಿತು. ಮುಚ್ಚಳದಲ್ಲಿ ಇನ್ನು ಜಾಗವಿರಲಿಲ್ಲ. ಅಕ್ಕ ಗಂಡನತ್ತ ಕೈಚಾಚಿದಳು. ಭಾವ ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ನೆಲದ ಮೇಲೆ ಕೂತು, ಎರಡನೆಯ ಪೆಟ್ಟಿಗೆಯನ್ನು ಮಡಿಲಿಗೆಳೆದುಕೊಂಡು, ಅದರ ಮುಚ್ಚಳವನ್ನು ತಾನೇ ಹರಿದುಕೊಟ್ಟ.