ಸೋತ ಪ್ಲಂಬರ್, ಗೆದ್ದ ಶಾಸಕರು

ಮತ ಎಣಿಕೆ ಮುಗಿದ ಮೇಲೆ ಮನೆಗೆ ಬಂದ ಪ್ಲಂಬರ್ ಒಳಗೂ ಬಾರದೆ ಬಾಗಿಲಲ್ಲೇ ನಿಂತ. ಸೋತದ್ದಕ್ಕೆ ಅವನಿಗೆ ಅಷ್ಟೇನೂ ಬೇಜಾರಿರಲಿಲ್ಲ. ತನ್ನ ಬೀದಿಯ ಮತಗಟ್ಟೆಯಲ್ಲೇ ಸೊನ್ನೆ ಬಿದ್ದದ್ದು ಹೊಟ್ಟೆ ಉರಿಸಿತ್ತು.

ಹಳೆಯ ಶಾಸಕರು ಅರ್ಧಕ್ಕೇ ರಾಜೀನಾಮೆ ಕೊಟ್ಟು ಹೋದಾಗ ಉಪಚುನಾವಣೆಗೆ ಅವನು ಪಕ್ಷೇತರನಾಗಿ ನಿಂತದ್ದು ಒಂದೇ ಕಾರಣಕ್ಕೆ. ಬೀದಿಯಡಿಯ ತುಕ್ಕು ಹಿಡಿದ ಪೈಪನ್ನು ಬದಲಾಯಿಸಿ ಎಂದು ಕಚೇರಿಗಳಿಗೆ ಅಲೆದೂ ಅಲೆದೂ ಅವನ ಚಪ್ಪಲಿ ಸವೆದಿತ್ತು, ಪೈಪು ಮಾತ್ರ ಇದ್ದಲ್ಲೇ ಇತ್ತು.

“ಬೀದಿಯವರ ಮಾತು ಬಿಡಿ, ನೀವಿಬ್ರೂ ನಂಗೆ ಹಾಕ್ಲಿಲ್ವಾ?” ಎಂದು ಹೆಂಡತಿಯನ್ನೂ ತಾಯಿಯನ್ನೂ ಕೇಳಿದ.

ಹೆಂಡತಿ ಮುಚ್ಚುಮರೆ ಮಾಡಲಿಲ್ಲ. “ಈಗ್ಲೇ ಕಂಡವರ ನಲ್ಲಿ ಅಂತ ದಿನವಿಡೀ ಹೊರಗಿರ್ತೀರಿ. ಗೆದ್ದಿದ್ರೆ ನಿಮ್ಮ ಮುಖಾನ ಟಿವೀಲಿ ನೋಡ್ಬೇಕಿತ್ತು. ಬೀದಿಯವರಿಗೂ ಅದೇ ಚಿಂತೆ. ನೀವು ವಿಧಾನಸಭೇಲಿ ಕೂತ್ರೆ ಅವರ ನಲ್ಲಿ ನೋಡೋರ್ಯಾರು?”

“ನಾನು ಗೆದ್ದೋನಿಗೇ ಹಾಕ್ದೆ,” ಎಂದಳು ಕಿಟಕಿ ಪಕ್ಕ ಕೂತಿದ್ದ ತಾಯಿ. “ಮನೆಗೆ ಬಂದು, ಅಮ್ಮಾ ಮಂಡಿನೋವು ಹೇಗಿದೆ ಅಂತ ಕೇಳ್ದ. ನೀನು ಯಾವತ್ತಾದ್ರೂ ಕೇಳಿದ್ದೀಯೇನೋ?”

“ಅದಿರ್ಲಿ,” ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. “ನಿಮ್ಮದೇ ಓಟು ಎಲ್ಲಿ ಹೋಯ್ತು?”

ಪ್ಲಂಬರ್ ತಲೆ ಕೆರೆದುಕೊಂಡ. “ಹೋಗೋ ದಾರೀಲಿ ಶಾಲೆ ಟ್ಯಾಂಕು ಸೋರ್ತಿತ್ತು. ಮೇಲೆ ಹತ್ತಿ ಸರಿಮಾಡಿ ಇಳಿಯೋ ಹೊತ್ತಿಗೆ ಮತದಾನ ಮುಗಿದೇ ಹೋಗಿತ್ತು.”

ಮೂವರೂ ಬಿದ್ದು ಬಿದ್ದು ನಕ್ಕರು. ಆ ನಗು ನಿಲ್ಲುವ ಮೊದಲೇ ಹೊರಗೆ ಢಬ್ ಎಂದಿತು. ಹಳೆಯ ಪೈಪು ಕೊನೆಗೂ ಒಡೆದು, ನೀರು ಮನೆಯೆತ್ತರಕ್ಕೆ ಚಿಮ್ಮುತ್ತಿತ್ತು. ಪ್ಲಂಬರ್ ಚೀಲ ಹೆಗಲಿಗೇರಿಸುತ್ತಿದ್ದಂತೆ ಫೋನು ಬಂತು. ಪಕ್ಕದ ಬೀದಿಯಲ್ಲಿದ್ದ ಹೊಸ ಶಾಸಕರು.

“ಬೇಗ ಬಾರಯ್ಯಾ! ಮೈತುಂಬ ಸೋಪು ಹಚ್ಕೊಂಡಿದ್ದೀನಿ, ನೀರು ನಿಂತೋಯ್ತು!”

“ನೀವೇ ಇಲ್ಲಿಗೆ ಬನ್ನಿ ಸಾರ್. ನಮ್ಮ ಬೀದೀಲಿ ಬೇಕಾದಷ್ಟಿದೆ.”

ಸ್ವಲ್ಪ ಹೊತ್ತಿಗೆಲ್ಲ ಶಾಸಕರು ಟವೆಲು ಹೊದ್ದು, ಕಿವಿಯಲ್ಲಿ ನೊರೆ ಇಟ್ಟುಕೊಂಡೇ ಪೈಪು ಒಡೆದಲ್ಲಿ ಬಿದ್ದ ಗುಂಡಿಗಿಳಿದಿದ್ದರು. ಒಂದು ಕೈಯಲ್ಲಿ ಒಡೆದ ಪೈಪನ್ನು ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲಿ, ಇವತ್ತೇ ಬೀದಿಗೆಲ್ಲ ಹೊಸ ಪೈಪು ಬರಬೇಕೆಂದು ಅಧಿಕಾರಿಗಳ ಮೇಲೆ ಕೂಗಾಡುತ್ತಿದ್ದರು. ಪಕ್ಕದಲ್ಲಿ ಪ್ಲಂಬರ್ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಗುತ್ತಿದ್ದ.

ತಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಬಿಗಿಯಾಗಿ ಹಿಡ್ಕೋಪ್ಪಾ, ನಾನು ಓಟು ಹಾಕಿರೋದು ನಿಂಗೇ!”