ಮೇಲಿನ ಹನಿ ಯಾರದು

“ಮೇಲಿನ ಹನಿ ಒಕುಸವಾದ್ದು ಅಂತ ಯಾರು ಹೇಳಿದ್ರು?” ಎಂದು ತೊಕುಜಿ ಮೇಜು ಗುದ್ದಿದ. ಲೋಟಗಳಲ್ಲಿದ್ದ ಚಹಾ ತುಳುಕಿತು.

“ಯಾರೂ ಹೇಳ್ಬೇಕಾಗಿಲ್ಲ,” ಎಂದ ಮೇಲಿನ ಹಳ್ಳಿ ಒಕುಸವಾದ ಇವಾವೊ, ಉಪ್ಪಿನಲ್ಲಿ ಹಾಕಿದ ಮೂಲಂಗಿಯನ್ನು ಅಗಿಯುತ್ತಲೇ. “ನೀರು ಮೇಲಿಂದ ಬರುತ್ತೆ. ಮೇಲಿರೋರು ನಾವು. ಅನುಮಾನ ಇದ್ರೆ ಗುಡ್ಡವನ್ನೇ ಕೇಳು.”

ಕಣಿವೆಯ ಮೂರು ಹಳ್ಳಿಗಳೂ ವಸಂತದಲ್ಲಿ ಸೇರಿ ಒಂದೇ ಪಟ್ಟಣವಾಗಲಿದ್ದವು. ಹೊಸ ಪಟ್ಟಣಕ್ಕೆ ಹೊಸ ಬಾವುಟ ಬೇಕು. ನಡುಹಳ್ಳಿಯ ಬಣ್ಣಗಾರರ ಮನೆಯ ಸೊಸೆ ಚಿಗುಸಾ ಬರೆದ ಚಿತ್ರ ಪಂಚಾಯಿತಿ ಕಚೇರಿಯ ಸಭೆಯ ಮೇಜಿನ ಮೇಲೆ ಹರಡಿತ್ತು. ನೀಲಿ ಬಟ್ಟೆಯ ನಡುವೆ ಬಿಳಿಯ ಮೂರು ಹನಿಗಳು. ಮೊನೆ ಒಳಕ್ಕೆ, ಹೊಟ್ಟೆ ಹೊರಕ್ಕೆ. ಒಟ್ಟಾಗಿ ನೋಡಿದರೆ ಒಂದು ದುಂಡು. ಮೇಲೊಂದು ಹನಿ, ಕೆಳಗೆರಡು. ನಡುಹಳ್ಳಿಯವರಿಗೆ ಅದರಿಂದ ಏನೂ ಅನಿಸಿರಲಿಲ್ಲ. ಅನಿಸಿದ್ದು ಸುಗೆತಾದವರಿಗೆ. ಕಣಿವೆಯ ತೀರಾ ಕೆಳಗಿನ ಆ ಊರು ತೊಕುಜಿಯದು. ನೆರೆಮನೆಯ ಕಾಮೆಕಿಚಿ ಬೆಳಿಗ್ಗೆಯೇ ತೊಕುಜಿಯ ಗೇಟಿಗೆ ಬಂದು ಹೇಳಿ ಹೋಗಿದ್ದ: “ಈ ಸಲವೂ ನಮ್ಮನ್ನ ಕೆಳಗೆ ಕೂರಿಸಿ ಬಂದ್ಯೋ, ನಾಟಿಗೆ ನಿನ್ನ ಗದ್ದೆಗೆ ಒಬ್ಬ ಆಳೂ ಇಳಿಯಲ್ಲ ನೋಡು.”

“ದುಂಡು ಅಂದ್ರೆ ಒಗ್ಗಟ್ಟು ಅಲ್ವಾ ತೊಕುಜಿಯವರೇ,” ಎಂದು ಅಧ್ಯಕ್ಷರು ಸಮಾಧಾನ ಮಾಡಲು ನೋಡಿದರು.

“ಪಕ್ಕದ ಊರಿನ ಬಾವುಟದಲ್ಲೂ ದುಂಡೇ, ಅದೂ ಒಗ್ಗಟ್ಟೇ. ಅದರಾಚೆ ಊರಿಂದೂ ಒಗ್ಗಟ್ಟೇ. ದುಂಡು ಬರೆದು ಜಗಳ ಅಂತ ಹೆಸರಿಟ್ಟೋರು ಯಾರಾದ್ರೂ ಇದಾರಾ?” ಎಂದವನೇ ತೊಕುಜಿ ಟೋಪಿ ಎತ್ತಿಕೊಂಡು ಹೊರಗೆ ನಡೆದ.

ಕಚೇರಿಯ ಹಿಂದೆ ದುಂಡನೆಯ ನೀರಿನ ತೊಟ್ಟಿ ಇತ್ತು. ಹಿಮ ಕರಗುವ ಕಾಲ. ಗುಡ್ಡದ ನೀರು ನೆಲದಡಿಯಿಂದ ಬಂದು ತೊಟ್ಟಿಯ ನಟ್ಟನಡುವೆ ಉಕ್ಕಿ, ಅಂಚಿನ ಸುತ್ತಲೂ ಒಂದೇ ಸಮನೆ ತುಳುಕಿ, ಮೂರು ಸಮಪಾಲಾಗಿ ಮೂರು ಹಳ್ಳಿಗಳ ಕಾಲುವೆಗಳಿಗೆ ಇಳಿಯುತ್ತಿತ್ತು. ತೊಟ್ಟಿ ಕಟ್ಟುವ ಮುಂಚೆ ಕಾಲುವೆಯ ಬಾಯಲ್ಲಿ ಪ್ರತಿ ಬೇಸಿಗೆಯೂ ಗುದ್ದಲಿ ಹಿಡಿದು ಬಡಿದಾಟ. ತೊಕುಜಿಯ ಅಪ್ಪನ ಒಂದು ಕಿವಿಯ ತುದಿ ಹೋದದ್ದು ಅಲ್ಲೇ. ತೊಟ್ಟಿಗೆ ಮೊದಲು ನೀರು ಬಿಟ್ಟ ದಿನ ಅಪ್ಪ ಭಾಷಣಕ್ಕೆ ನಿಲ್ಲದೆ, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಅದರ ಸುತ್ತ ಸುಮ್ಮನೆ ತಿರುಗುತ್ತಿದ್ದ. “ಏನ್ ಹುಡುಕ್ತಿದೀಯಪ್ಪಾ?” ಎಂದು ತೊಕುಜಿ ಕೇಳಿದ್ದಕ್ಕೆ, “ಒಕುಸವಾದೋರಿಗೆ ನೀರು ಮೊದಲು ಹೋಗೋ ಕಡೆ ಅಂತ ಒಂದು ಇರ್ಲೇಬೇಕು ಕಣೋ,” ಎಂದಿದ್ದ. ಕತ್ತಲಾಗುವವರೆಗೂ ಅದು ಸಿಗಲಿಲ್ಲ. ಮನೆಗೆ ಬಂದು ಗುದ್ದಲಿಯನ್ನು ಮೊಳೆಗೆ ನೇತುಹಾಕಿದ. ಆಮೇಲೆ ಅದನ್ನು ತೆಗೆದದ್ದು ಮಣ್ಣು ಅಗೆಯಲು ಮಾತ್ರ.

ಹಿಂದಿನಿಂದ ಚಪ್ಪಲಿಯ ಸದ್ದಾಯಿತು. ಚಿಗುಸಾ ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು. ಉಗುರುಗಳ ಸಂದಿಯಲ್ಲೆಲ್ಲ ನೀಲಿ.

“ಸುಗೆತಾದ ಹನಿ ಯಾವುದಮ್ಮಾ?” ತೊಕುಜಿ ಅವಳತ್ತ ತಿರುಗದೆಯೇ ಕೇಳಿದ.

“ಯಾವ ಹನಿಗೂ ನಾನು ಹೆಸರಿಟ್ಟಿಲ್ಲ ಅಜ್ಜ. ಇಲ್ಲೇ, ಈ ಕಟ್ಟೆ ಮೇಲೆ ಕೂತು ಬರೆದಿದ್ದು.”

“ಮತ್ತೆ ಒಳಗೆ ಯಾಕೆ ಬಾಯಿ ಬಿಡಲಿಲ್ಲ?”

“ನೀವಿಬ್ರೂ ಉಸಿರು ತಗೊಳೋಕಾದ್ರೂ ಮಾತು ನಿಲ್ಲಿಸಿದ್ರೆ ತಾನೇ ನಾನು ಬಾಯಿ ಬಿಡೋದು?”

ತೊಕುಜಿ ಬಟ್ಟೆಯನ್ನು ಇಸಿದುಕೊಂಡು ತೊಟ್ಟಿಯ ಒಣ ಕಟ್ಟೆಯ ಮೇಲೆ ಹರಡಿದ. ಮೇಲಿನ ಹನಿಯ ಮೇಲೆ ಹೆಬ್ಬೆರಳೂರಿ ನಿಧಾನಕ್ಕೆ ಬಟ್ಟೆಯನ್ನು ತಿರುಗಿಸಿದ. ಇನ್ನೊಂದು ಹನಿ ಮೇಲೆ ಬಂತು. ಇನ್ನಷ್ಟು ತಿರುಗಿಸಿದ, ಮಗದೊಂದು ಬಂತು. ಬೆರಳು ತೆಗೆದ ಮೇಲೆ ಮೊದಲು ಮೇಲಿದ್ದದ್ದು ಯಾವುದೆಂದು ಅವನಿಗೇ ಗೊತ್ತಾಗಲಿಲ್ಲ. ಬಿತ್ತನೆಯ ಭತ್ತವನ್ನು ಆರಿಸುವಾಗ ಮಾಡುವಂತೆ ಕಣ್ಣು ಕಿರಿದುಮಾಡಿ ಒಂದೊಂದೇ ಹನಿಯನ್ನು ನೋಡಿದ. ಒಂದೇ ಒಂದು ಕಡೆಯೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಪಕ್ಕದಲ್ಲಿ ನೀರು ಹಾಗೇ ಒಂದೇ ಸಮನೆ ತುಳುಕುತ್ತಿತ್ತು.

“ಎಂಥಾ ಕೈ ಕಣಮ್ಮಾ ನಿಂದು,” ಎಂದ.

ಒಳಗೆ ಹೋಗಿ ಒಪ್ಪಿಗೆ ಎಂದು ಕೈ ಎತ್ತಿದ. “ಆದ್ರೆ ಯಾವ ಹನಿ ಯಾವ ಊರಿಂದು ಅಂತ ಎಲ್ಲೂ ಬರೀಬಾರ್ದು.”

“ಬರೆಯೋದು ಯಾಕೆ? ಎಲ್ರಿಗೂ ಗೊತ್ತಿರೋದೇ,” ಎಂದು ಇವಾವೊ ನಕ್ಕ. ತೊಕುಜಿ ತನ್ನ ತಣ್ಣಗಾದ ಚಹಾ ಕುಡಿದ.

ಬಾವುಟ ಏರಿದ ದಿನ ಕಣಿವೆಯ ಗಾಳಿ ಚೆನ್ನಾಗಿ ಬೀಸುತ್ತಿತ್ತು. ನೀಲಿಯ ಮೇಲೆ ಮೂರು ಬಿಳಿ ಹನಿಗಳು ಈಗಷ್ಟೇ ಚಿಮ್ಮಿದಂತೆ ನಡುಗುತ್ತಿದ್ದವು. ಇವಾವೊ ಹೆಂಡತಿಗೆ ಬೆರಳು ತೋರಿಸಿ ಮೇಲಿನದು ನಮ್ಮದು ಎನ್ನುತ್ತಿದ್ದ. ಕಾಮೆಕಿಚಿ ಬಂದು ತೊಕುಜಿಯ ತೋಳು ಹಿಡಿದು ಎಳೆದ.

“ನಮ್ಮದು ಯಾವುದೋ? ಕೆಳಗಿಂದು ತಾನೇ? ನಂಗೊತ್ತಿತ್ತು. ನೀನು ಸೋತೇ ಬಂದಿರ್ತೀಯ ಅಂತ ನಂಗೊತ್ತಿತ್ತು.”

“ಕಚೇರಿ ಹಿಂದಿನ ತೊಟ್ಟಿ ಹತ್ರ ಹೋಗು,” ಎಂದ ತೊಕುಜಿ. “ಅದಕ್ಕೆ ಮೇಲುಗಡೆ ಯಾವುದು ಅಂತ ನೋಡ್ಕೊಂಡು ಬಾ. ಆಮೇಲೆ ಹೇಳ್ತೀನಿ.”

“ತಲೆ ಕೆಟ್ಟಿದೆ ನಿಂಗೆ,” ಎನ್ನುತ್ತಲೇ ಕಾಮೆಕಿಚಿ ಹೋದ.

ಭಾಷಣಗಳು ಮುಗಿದವು. ಕೆಂಪು ಕಾಳು ಬೆರೆಸಿದ ಹಬ್ಬದ ಅನ್ನವನ್ನು ಹಂಚಿದರು. ಕಾಮೆಕಿಚಿಯ ಪಾಲಿನದನ್ನೂ ಕೈಯಲ್ಲಿ ಹಿಡಿದುಕೊಂಡು ತೊಕುಜಿ ಕಚೇರಿಯ ಹಿಂದಕ್ಕೆ ಹೋಗಿ ನೋಡಿದ. ಕಾಮೆಕಿಚಿ ಟೋಪಿಯನ್ನು ಕೈಯಲ್ಲಿ ಹಿಡಿದು, ಕಣ್ಣನ್ನು ನೀರಿನ ಅಂಚಿನಿಂದ ತೆಗೆಯದೆ, ತೊಟ್ಟಿಯ ಸುತ್ತ ಇನ್ನೂ ನಡೆಯುತ್ತಲೇ ಇದ್ದ.